ಎಚ್‌ಐವಿ ಇರುವವರು ಕ್ಷಯ ಪರೀಕ್ಷೆಗೆ ಕಫ ಕೊಡುವ ಸರಿಯಾದ ಕ್ರಮ

ಕೊಡಗಿನ ಮಳೆಗಾಲದಲ್ಲಿ ಕೆಮ್ಮನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಆದರೆ ಲಕ್ಷಣ ತೋರದೆ ಮೈಯಲ್ಲಿ ಅಡಗಿರುವ ಸುಪ್ತ ಕ್ಷಯದ ಸೋಂಕು ಎಚ್‌ಐವಿ ಇಲ್ಲದವರಲ್ಲಿ ಜೀವಮಾನವಿಡೀ ಶೇ 5ರಿಂದ 10ರಷ್ಟು ಮಂದಿಗೆ ಮಾತ್ರ ರೋಗವಾಗಿ ಕಾಡಿದರೆ, ಎಚ್‌ಐವಿಯನ್ನು ಹತ್ತಿಕ್ಕುವ ಎಆರ್‌ಟಿ ಚಿಕಿತ್ಸೆ ಪಡೆಯದ ಎಚ್‌ಐವಿ ಸೋಂಕಿತರಿಗೆ ಹೆಚ್ಚುಕಡಿಮೆ ಅಷ್ಟೇ ಅಪಾಯ ಪ್ರತಿ ವರ್ಷವೂ ಇರುತ್ತದೆ. ಚಿಕಿತ್ಸೆಯಿಂದ ಈ ಅಪಾಯ ತಗ್ಗುತ್ತದೆಯಾದರೂ ಪೂರ್ತಿ ಹೋಗುವುದಿಲ್ಲ.

ಮೊದಲನೆಯದಾಗಿ, ಎರಡು ವಾರ ಕೆಮ್ಮಿದರೆ ಕ್ಷಯದ ಪರೀಕ್ಷೆ ಎಂಬ ಸಾಮಾನ್ಯ ಲೆಕ್ಕ ಇವರಿಗೆ ಅನ್ವಯಿಸದು. ಕೆಮ್ಮು, ಜ್ವರ, ರಾತ್ರಿ ಬೆವರು, ತೂಕ ಇಳಿಕೆ, ಇವುಗಳಲ್ಲಿ ಒಂದು ಕಂಡರೂ ಆ ವಾರವೇ ಎಆರ್‌ಟಿ ಕೇಂದ್ರದಲ್ಲಿ ತಿಳಿಸಬೇಕು. ಮೆಡಿಕಲ್ ಶಾಪಿನ ಕೆಮ್ಮಿನ ಸಿರಪ್ಪನ್ನು ನಾನಂತೂ ಮನೆಯೊಳಗೆ ಬಿಡುವುದಿಲ್ಲ. ಅದಕ್ಕಿಂತ ಕೆಟ್ಟದ್ದು ಲಿವೊಫ್ಲಾಕ್ಸಾಸಿನ್ ಎಂಬ ಆ್ಯಂಟಿಬಯೋಟಿಕ್ ಮಾತ್ರೆ, ಅದು ಕ್ಷಯವನ್ನು ಅರೆಬರೆ ಅಡಗಿಸಿ ಪರೀಕ್ಷೆಯನ್ನೇ ದಾರಿ ತಪ್ಪಿಸುತ್ತದೆ.

ಆಸ್ಪತ್ರೆಯವರು ಕೊಟ್ಟ ಡಬ್ಬಿಯನ್ನೇ ಬಳಸಿ.

ಬಹುತೇಕರು ಎಡವುವುದು ಕಫ ತೆಗೆಯುವಾಗ. ಡಬ್ಬಿಯಲ್ಲಿ ನೊರೆನೊರೆಯಾದ ಎಂಜಲನ್ನು ತಂದು, ವರದಿಯಲ್ಲಿ ಕ್ಷಯವಿಲ್ಲವೆಂದು ಬಂದಾಗ ನಿಶ್ಚಿಂತರಾದವರನ್ನು ಕಂಡಿದ್ದೇನೆ. ಬೆಳಿಗ್ಗೆ ಎದ್ದೊಡನೆ, ಕಾಫಿ ಕುಡಿಯುವುದಕ್ಕೂ ಎಲೆಯಡಿಕೆ ಹಾಕಿಕೊಳ್ಳುವುದಕ್ಕೂ ಮೊದಲು, ಬರಿಯ ನೀರಿನಿಂದ ಬಾಯಿ ಮುಕ್ಕಳಿಸಿ, ಟೂತ್‌ಪೇಸ್ಟ್ ಬೇಡ. ಎಲೆಯಡಿಕೆಯ ಕೆಂಪು ಕಫದಲ್ಲಿ ಬೆರೆತರೆ ರಕ್ತವೆಂಬ ಗಾಬರಿಯೂ ಹುಟ್ಟುತ್ತದೆ. ತೋಟದ ಕಾರ್ಮಿಕರ ಲೈನ್ ಮನೆಯ ಗಾಳಿಯಾಡದ ಕೋಣೆಯಲ್ಲಿ ಕೆಮ್ಮಿದರೆ ಮಕ್ಕಳಿಗೂ ರೋಗಾಣು ತಲುಪಬಹುದು. ಆದುದರಿಂದ ಹೊರಗೆ ಹೋಗಿ, ಮಳೆ ಹೊಯ್ಯುತ್ತಿದ್ದರೆ ಸೂರಿನ ಅಂಚಿನಲ್ಲಿ, ಜನರಿಂದ ದೂರ ನಿಲ್ಲಿ. ದೀರ್ಘವಾಗಿ ಉಸಿರೆಳೆದು ಕೆಲವು ಕ್ಷಣ ಹಿಡಿದು ಬಿಡಿ. ಹೀಗೆ ಎರಡು ಮೂರು ಬಾರಿ ಮಾಡಿದ ಮೇಲೆ, ಗಂಟಲಿನಿಂದಲ್ಲ, ಎದೆಯ ಆಳದಿಂದ ಕೆಮ್ಮಿ, ಬಂದದ್ದನ್ನು ಡಬ್ಬಿಗೆ ಉಗುಳಿ. ಮಂದವಾಗಿ, ಲೋಳೆಯಾಗಿ, ಬಿಳಿ ಅಥವಾ ಹಳದಿ ಬಣ್ಣದಲ್ಲಿರುವುದು ಕಫ. ತೆಳ್ಳಗೆ ನೀರಿನಂತಿರುವುದು ಎಂಜಲು. 2ರಿಂದ 5 ಮಿಲಿಲೀಟರ್ ಆಗುವವರೆಗೆ ಅವಸರಿಸಬೇಡಿ. ಬಸ್ಸಿಗೆ ಹೊತ್ತಾಯಿತೆಂದು ಒಂದೆರಡು ಹನಿ ಉಗುಳಿ ಓಡುವುದಕ್ಕಿಂತ ಮುಂದಿನ ಬಸ್ಸು ಲೇಸು. ಕಫವೇ ಬಾರದಿದ್ದರೆ ಎಂಜಲಿನಿಂದ ತುಂಬಿಸದೆ ಹಾಗೆಂದೇ ಹೇಳಿ.

ಮುಚ್ಚಳ ಬಿಗಿದು, ಬಿಸಿಲು ತಾಗಿಸದೆ, ಅಂದೇ ತಲುಪಿಸಿ.

ಎಚ್‌ಐವಿ ಇರುವವರ ಕಫದಲ್ಲಿ ರೋಗಾಣುಗಳು ಕಡಿಮೆಯಿರುವುದುಂಟು. ಸೂಕ್ಷ್ಮದರ್ಶಕಕ್ಕೆ ಅವು ಕಾಣದೇ ಹೋಗಬಹುದಾದುದರಿಂದ ರೋಗಾಣುವಿನ ಡಿಎನ್‌ಎಯನ್ನೇ ಹುಡುಕುವ ಸಿಬಿನ್ಯಾಟ್ ಅಥವಾ ಟ್ರೂನ್ಯಾಟ್ ಪರೀಕ್ಷೆಯನ್ನೇ ಕೇಳಿ. ವರದಿಯಲ್ಲಿ ಏನೂ ಕಾಣದಿದ್ದರೂ ಜ್ವರ ಬಿಡದಿದ್ದರೆ ಮತ್ತೆ ಹೋಗಬೇಕು, ಏಕೆಂದರೆ ರೋಗ ಕುತ್ತಿಗೆಯ ಗಂಟುಗಳಲ್ಲಿಯೂ ಇರಬಹುದು. ಕ್ಷಯವಿಲ್ಲವೆಂದು ವೈದ್ಯರು ಖಚಿತಪಡಿಸಿದರೆ ತಡೆಗಟ್ಟುವ ಮಾತ್ರೆಯ ಕುರಿತು ವಿಚಾರಿಸಿ. ಕ್ಷಯವಿದ್ದರೆ ಈಗ ನುಂಗುತ್ತಿರುವ ಎಆರ್‌ಟಿ ಮಾತ್ರೆಯ ಹೆಸರನ್ನು ಅಲ್ಲಿಯೇ ಹೇಳಿ: ಕ್ಷಯದ ಔಷಧ ರಿಫಾಂಪಿಸಿನ್ ಜೊತೆ ಎಆರ್‌ಟಿಯ ಡೊಲುಟೆಗ್ರಾವಿರ್ ತೆಗೆದುಕೊಳ್ಳುವವರಿಗೆ ದಿನಕ್ಕೆ ಡೊಲುಟೆಗ್ರಾವಿರ್‌ನ ಎರಡನೆಯ ಮಾತ್ರೆ ಸಾಮಾನ್ಯವಾಗಿ ಬೇಕಾಗುತ್ತದೆ, ಮೊದಲಿನದಕ್ಕೆ 12 ಗಂಟೆಯ ಅಂತರದಲ್ಲಿ.