ಕಾನ್ಸೆಪ್ಟ್ ಆಲ್ಬಮ್‌ಗೆ ಅಂಕ ಕೊಡುವ ಮುನ್ನ

ನಮ್ಮ ಹುಬ್ಬಳ್ಳಿ-ಧಾರವಾಡದ ಕೇಳುಗರ ಬಳಗದಲ್ಲಿ ಹೊಸದಾಗಿ ಪ್ರೊಗ್ರೆಸಿವ್ ರಾಕ್ (ದೀರ್ಘ ರಚನೆ, ಲಯದ ಪ್ರಯೋಗಗಳಿರುವ ರಾಕ್ ಸಂಗೀತ) ಕೇಳತೊಡಗಿದವರು ಯಾವುದೇ ಕಾನ್ಸೆಪ್ಟ್ ಆಲ್ಬಮ್‌ಗೆ (ಒಂದೇ ಕತೆ ಅಥವಾ ವಿಷಯದ ಸುತ್ತ ಹೆಣೆದ ಆಲ್ಬಮ್‌ಗೆ) ಅಂಕ ಕೊಡುವ ಮುನ್ನ ಅದನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಬೈಠಕ್‌ನಲ್ಲಿ ಕೇಳಬೇಕೆಂದು ನನ್ನ ವಿನಂತಿ. ಮೊಬೈಲಿನಲ್ಲಿ ಶಫಲ್ (ಹಾಡುಗಳ ಕ್ರಮ ಕಲಸುವುದು) ಮತ್ತು ಕ್ರಾಸ್‌ಫೇಡ್ (ಒಂದು ಹಾಡಿನ ಕೊನೆಗೆ ಮುಂದಿನದರ ಆರಂಭ ಬೆರೆಸುವುದು) ಎರಡನ್ನೂ ಆಫ್ ಮಾಡಿಕೊಳ್ಳಿ. ಹಾಡಿನಿಂದ ಹಾಡಿಗೆ ದಾಟುವ ಜಾಗಗಳಲ್ಲೇ ಈ ಸಂಗೀತದ ಅರ್ಧ ಕೆಲಸ ನಡೆದಿರುತ್ತದೆ. ಹಿಂದೂಸ್ತಾನಿಯ ನಿಧಾನಗತಿಯ ವಿಲಂಬಿತ ಖ್ಯಾಲಿಗೆ ಕೂತು ರೂಢಿಯಿರುವ ಧಾರವಾಡದವರಿಗೆ ಇದು ಕಷ್ಟವೇನಲ್ಲ.

ಎರಡನೆಯ ಸಲ ಸಾಹಿತ್ಯವನ್ನು ಎದುರಿಗಿಟ್ಟುಕೊಂಡು, ಮರಳಿ ಬರುವ ಧಾಟಿಗಳನ್ನು ಗುರುತಿಸಿ. ಪಿಂಕ್ ಫ್ಲಾಯ್ಡ್ ತಂಡದ 1973ರ ‘ದ ಡಾರ್ಕ್ ಸೈಡ್ ಆಫ್ ದ ಮೂನ್’ನಲ್ಲಿ ‘ಬ್ರೀದ್’ ಹಾಡಿನ ಧಾಟಿ ‘ಟೈಮ್’ನ ಕೊನೆಯಲ್ಲಿ ಮತ್ತೆ ಬರುತ್ತದೆ, ಕಾಲ ಕೈಜಾರಿದ ಅಳಲನ್ನು ಕೇಳಿದ ಮೇಲೆ ಅದೇ ಧಾಟಿಯಲ್ಲಿ ಮನೆಗೆ ಮರಳಿದವನ ದಣಿವು ಕೇಳಿಸುತ್ತದೆ. ಪುನರಾವರ್ತನೆ ಹೀಗೆ ಅರ್ಥವನ್ನು ಬದಲಿಸಿದರೆ ಮಾತ್ರ ಅದಕ್ಕೆ ಬೆಲೆ.

ಲಯದ ಕಸರತ್ತಿಗೆ ಸುಮ್ಮನೆ ಮಾರುಹೋಗಬೇಡಿ. ಅದೇ ಆಲ್ಬಮ್‌ನ ‘ಮನಿ’ ಏಳು ಮಾತ್ರೆಗಳಲ್ಲಿ ಸಾಗುತ್ತದೆ. ಹಿಂದೂಸ್ತಾನಿಯ ಏಳು ಮಾತ್ರೆಯ ರೂಪಕ ತಾಳ ಗೊತ್ತಿರುವವರು ಕೈಯಲ್ಲಿ ಎಣಿಸುತ್ತ ಹೋದರೆ, ಸ್ಯಾಕ್ಸೊಫೋನ್ ಮುಗಿದು ಗಿಟಾರ್ ಸೋಲೊ ಬಂದಾಗ ನಡೆ ನಾಲ್ಕಕ್ಕೆ ತಿರುಗುವುದು, ಆ ತಿರುವಿನಿಂದ ಹಾಡಿಗೆ ಹೊಸ ಬಿರುಸು ಬರುವುದು ಎರಡೂ ಅನುಭವಕ್ಕೆ ಬರುತ್ತವೆ. ಇದು ಸಾರ್ಥಕ ಪ್ರಯೋಗ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕತೆ ಪೂರ್ತಿ ಅರ್ಥವಾಗಲೇಬೇಕೆಂಬ ಹಟ ಬೇಡ. ಜೆಥ್ರೊ ಟಲ್ ತಂಡದ 1972ರ ‘ಥಿಕ್ ಆ್ಯಸ್ ಎ ಬ್ರಿಕ್’ ಎಲ್‌ಪಿ ತಟ್ಟೆಯ ಎರಡೂ ಬದಿಗೆ ಹರಡಿಕೊಂಡ ಒಂದೇ ರಚನೆ. ಅದರಲ್ಲಿ ಕತೆಗಿಂತ ಸಂಗೀತದ ಕಟ್ಟೋಣವನ್ನೇ ಹಿಂಬಾಲಿಸುವುದು ಒಳ್ಳೆಯದು. ಬಿಡಿ ಹಾಡುಗಳಿರುವ ಆಲ್ಬಮ್ ಆದರೆ, ಅನುಮಾನ ಬಂದ ಹಾಡನ್ನು ಬಿಟ್ಟು ಉಳಿದದ್ದನ್ನು ಕೇಳಿ. ಅದಿಲ್ಲದೆಯೂ ಏನೂ ಕೊರತೆ ಕಾಣದಿದ್ದರೆ ಆ ಹಾಡು ಅನಗತ್ಯವೆಂದು ಅಷ್ಟು ಅಂಕ ಕಳೆಯಿರಿ.