ಮಗುವಿನ ಫೋನಿನಲ್ಲಿ ಅಪರಿಚಿತನ ಬೆದರಿಕೆ: ದೂರು ಕೊಡುವುದು ಹೇಗೆ?

ಆನ್‌ಲೈನ್ ಗೇಮ್‌ನಲ್ಲಿ ಪರಿಚಯವಾದವನು ಮಗುವಿನಿಂದ ಫೋಟೊ ಕೇಳುತ್ತಾನೆ. ಕೊಡದಿದ್ದರೆ ಇರುವ ಫೋಟೊವನ್ನೇ ತಿದ್ದಿ ಹರಿಬಿಡುತ್ತೇನೆ ಎನ್ನುತ್ತಾನೆ. ಇದು ಗೊತ್ತಾದ ಕೂಡಲೇ ಬಹಳಷ್ಟು ಮನೆಗಳಲ್ಲಿ ನಡೆಯುವುದು ಎರಡು: ಮಗುವಿಗೆ ಬೈಗುಳ, ಚಾಟ್ ಡಿಲೀಟ್. ಬೈದರೆ ಮಗು ಮುಂದೆ ಬಾಯಿ ಬಿಡುವುದಿಲ್ಲ. ಡಿಲೀಟ್ ಮಾಡಿದರೆ ಪೊಲೀಸರ ಮುಂದೆ ಇಡಲು ಏನೂ ಉಳಿಯುವುದಿಲ್ಲ.

‘ಅವನು ಮುಟ್ಟಿಯೇ ಇಲ್ಲವಲ್ಲ, ಕೇಸು ನಿಲ್ಲುತ್ತದೆಯೇ?’ ನಿಲ್ಲುತ್ತದೆ. ಲೈಂಗಿಕ ಉದ್ದೇಶದಿಂದ 18 ತುಂಬದವರನ್ನು ಫೋನ್, ಇಂಟರ್‌ನೆಟ್ ಮೂಲಕ ಪದೇ ಪದೇ ಸಂಪರ್ಕಿಸುವುದು, ಅಶ್ಲೀಲ ಚಿತ್ರ ತೋರಿಸುವುದು, ನಿಜವಾದ ಅಥವಾ ಸೃಷ್ಟಿಸಿದ ಚಿತ್ರ ಮುಂದಿಟ್ಟು ಹೆದರಿಸುವುದು 2012ರ ಪೋಕ್ಸೊ ಕಾಯ್ದೆಯ (ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆ) 11ನೇ ಸೆಕ್ಷನ್ನಿನಡಿ ಅಪರಾಧ. ಶಿಕ್ಷೆ 3 ವರ್ಷದವರೆಗೆ ಜೈಲು, ಜೊತೆಗೆ ದಂಡ. ಅಶ್ಲೀಲ ಚಿತ್ರಕ್ಕೆ ಮಗುವನ್ನು ಬಳಸಿಕೊಂಡಿದ್ದರೆ 14ನೇ ಸೆಕ್ಷನ್ ಪ್ರಕಾರ ಕನಿಷ್ಠ 5 ವರ್ಷ. ಲೈಂಗಿಕ ಉದ್ದೇಶಕ್ಕಾಗಿ ಮಗುವನ್ನು ಆನ್‌ಲೈನ್ ಸಂಬಂಧಕ್ಕೆ ಪುಸಲಾಯಿಸುವುದು ಐಟಿ ಕಾಯ್ದೆಯ 67ಬಿ ವ್ಯಾಪ್ತಿಗೆ ಬರುತ್ತದೆ. ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ. ಹುಡುಗರಿಗೂ ಇದೇ ರಕ್ಷಣೆ ಇದೆ. ಎಷ್ಟೋ ಅಪ್ಪ ಅಮ್ಮಂದಿರು ಇದನ್ನು ಮರೆಯುತ್ತಾರೆ.

ಮೊದಲು ಸಾಕ್ಷ್ಯ, ಆಮೇಲೆ ಬ್ಲಾಕ್

ಅವನ ಪ್ರೊಫೈಲ್ ತೆರೆದು ಲಿಂಕ್ ಕಾಪಿ ಮಾಡಿಟ್ಟುಕೊಳ್ಳಿ. ಮೇಲೆ ಕಾಣುವ ಹೆಸರು ಸಾಲದು, ಅದನ್ನು ಗಳಿಗೆಗೊಮ್ಮೆ ಬದಲಿಸಬಹುದು. ಇನ್‌ಸ್ಟಾಗ್ರಾಂ ಆದರೆ ಯೂಸರ್‌ನೇಮ್, ವಾಟ್ಸ್‌ಆ್ಯಪ್ ಆದರೆ ದೇಶದ ಕೋಡ್ ಸಮೇತ ನಂಬರ್, ಗೇಮ್ ಆದರೆ ಪ್ಲೇಯರ್ ಐಡಿ ಬರೆದಿಡಿ. ದುಡ್ಡು ಕೇಳಿದ್ದರೆ ಯುಪಿಐ ಐಡಿಯೂ ಬೇಕು, ಕಳಿಸಿಬಿಟ್ಟಿದ್ದರೆ ವಹಿವಾಟಿನ ಸಂಖ್ಯೆಯೂ ಬೇಕು. ದಿನಾಂಕ, ಸಮಯ ಕಾಣುವಂತೆ ಸಂಭಾಷಣೆಯ ಸ್ಕ್ರೀನ್‌ಶಾಟ್ ತೆಗೆಯಿರಿ. ತಾನಾಗಿ ಅಳಿಯುವ ಚಾಟ್ ಆಗಿದ್ದರೆ, ಸ್ಕ್ರೀನ್‌ಶಾಟ್ ತೆಗೆದದ್ದು ಆ ಕಡೆಯವನಿಗೆ ಗೊತ್ತಾಗುವ ಆ್ಯಪ್ ಆಗಿದ್ದರೆ, ಇನ್ನೊಂದು ಫೋನಿನಿಂದ ಪರದೆಯ ಫೋಟೊ ತೆಗೆಯುವುದೇ ವಾಸಿ. ಆ್ಯಪ್‌ನಲ್ಲಿ ರಿಪೋರ್ಟ್ ಮಾಡುವಾಗ ಚಾಟ್ ಕೂಡ ಅಳಿಸುವ ಆಯ್ಕೆಗೆ ಟಿಕ್ ಬಿದ್ದಿದ್ದರೆ ತೆಗೆಯಿರಿ.

ಮಗುವಿನ ನಗ್ನ ಚಿತ್ರ ಬಂದಿದ್ದರೆ ಮಾತ್ರ ಕೈ ಕಟ್ಟಿಕೊಳ್ಳಿ. ಅದರ ಸ್ಕ್ರೀನ್‌ಶಾಟ್ ಬೇಡ, ‘ನೋಡಿ ಹೇಳು’ ಎಂದು ಭಾವನಿಗೋ ಪರಿಚಯದ ವಕೀಲರಿಗೋ ಕಳಿಸುವುದೂ ಬೇಡ. ಪೋಕ್ಸೊ 15ನೇ ಸೆಕ್ಷನ್ ಪ್ರಕಾರ ಅದನ್ನು ಹಂಚುವುದೇ ಅಪರಾಧ. ದೂರು ಕೊಡಲು ಮತ್ತು ಕೋರ್ಟಿನಲ್ಲಿ ಸಾಕ್ಷ್ಯವಾಗಿ ಬಳಸಲು ಮಾತ್ರ ವಿನಾಯಿತಿ. ಚಿತ್ರ ಮೂಲ ಫೋನಿನಲ್ಲೇ ಇರಲಿ, ಆ ಫೋನನ್ನು ರಿಸೆಟ್ ಮಾಡಬೇಡಿ. ಚಿತ್ರ ಬೇರೆಡೆ ಹರಡುವ ಭಯವಿದ್ದರೆ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆ ಬಳಸಬಹುದು. ಚಿತ್ರ ಫೋನಿನಿಂದ ಆಚೆ ಹೋಗುವುದಿಲ್ಲ, ಅದರ ಡಿಜಿಟಲ್ ಗುರುತು ಮಾತ್ರ ಸೇವೆಗೆ ಸೇರಿದ ಜಾಲತಾಣಗಳಿಗೆ ತಲುಪುತ್ತದೆ.

ದೂರು ಎಲ್ಲಿ, ಹೇಗೆ

ಮಗು ಅವನನ್ನು ಭೇಟಿಯಾಗಲು ಹೊರಟಿದ್ದರೆ 112. ಉಳಿದಂತೆ ಹತ್ತಿರದ ಯಾವ ಠಾಣೆಯಾದರೂ ಸರಿ. ‘ನಮ್ಮ ಸರಹದ್ದಲ್ಲ’ ಎನ್ನುವಂತಿಲ್ಲ, ಜೀರೊ ಎಫ್‌ಐಆರ್ (ಸರಹದ್ದು ನೋಡದೆ ದಾಖಲಿಸಿ, ಆಮೇಲೆ ಸಂಬಂಧಪಟ್ಟ ಠಾಣೆಗೆ ಕಳಿಸುವ ಎಫ್‌ಐಆರ್) ದಾಖಲಿಸಬೇಕು. ಕರ್ನಾಟಕದಲ್ಲಿ ಇಂಥ ಪ್ರಕರಣಗಳಿಗೆ ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗೂ ಹೋಗಬಹುದು. ಮಕ್ಕಳ ಸಹಾಯವಾಣಿ 1098 ಹಗಲು ರಾತ್ರಿ ಸಿಗುತ್ತದೆ. ಸೈಬರ್ ಅಪರಾಧ ಸಹಾಯವಾಣಿ 1930 ಮುಖ್ಯವಾಗಿ ದುಡ್ಡು ಕಳೆದುಕೊಂಡವರಿಗೆ.

ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆಯರು ಮತ್ತು ಮಕ್ಕಳ ವಿಭಾಗವಿದೆ. ಹೆಸರು ಹೇಳದೆಯೂ ದೂರು ಕೊಡಬಹುದು, ಆದರೆ ಹಾಗೆ ಕೊಟ್ಟ ದೂರು ಎಲ್ಲಿಗೆ ಬಂತು ಎಂದು ನೋಡಲಾಗುವುದಿಲ್ಲ. ನಿಮ್ಮದೇ ಮಗುವಾದರೆ ಹೆಸರು ಕೊಟ್ಟೇ ಸಲ್ಲಿಸಿ. ಅಲ್ಲಿ ಸಿಗುವುದು ಸ್ವೀಕೃತಿ ಸಂಖ್ಯೆ, ಎಫ್‌ಐಆರ್ ಅಲ್ಲ. ಆ ಸಂಖ್ಯೆ ಹಿಡಿದು ಠಾಣೆಗೆ ಹೋಗಿ ಎಫ್‌ಐಆರ್ ಪ್ರತಿ ಕೇಳಿ, ಅದು ಉಚಿತ.

ದೂರಿನಲ್ಲಿ ‘ತೊಂದರೆ ಕೊಡುತ್ತಿದ್ದಾನೆ’ ಎಂದಷ್ಟೇ ಬರೆದರೆ ಪೋಕ್ಸೊ ಅನ್ವಯಿಸುವುದೇ ಕಷ್ಟ. ಮಗುವಿನ ಹುಟ್ಟಿದ ದಿನಾಂಕ, ಮೊದಲ ಮೆಸೇಜ್ ಬಂದ ದಿನ, ಅವನು ಕೇಳಿದ ಮಾತು ಇದ್ದದ್ದು ಇದ್ದಂತೆ ಇರಬೇಕು. ಓದಲು ಮುಜುಗರವಾಗುವ ಆ ಸಾಲಿನಿಂದಲೇ ಲೈಂಗಿಕ ಉದ್ದೇಶ ಸಾಬೀತಾಗುವುದು. ಸೆಕ್ಷನ್ ನಂಬರ್ ಗೊತ್ತಿಲ್ಲದಿದ್ದರೆ ಚಿಂತೆಯಿಲ್ಲ, ಅದು ಪೊಲೀಸರ ಕೆಲಸ.

ಶಾಲೆಯವರು ‘ನಮ್ಮಲ್ಲೇ ಮುಗಿಸೋಣ’ ಎಂದರೆ ಒಪ್ಪಬೇಡಿ. ವಿಷಯ ತಿಳಿದೂ ಪೊಲೀಸರಿಗೆ ತಿಳಿಸದವರಿಗೆ 6 ತಿಂಗಳವರೆಗೆ, ಸಿಬ್ಬಂದಿಯ ತಪ್ಪನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ 1 ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶವಿದೆ.

ಎಫ್‌ಐಆರ್ ಆದ ಮೇಲೆ

ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಅದು ಬಯಸಿದ ಜಾಗದಲ್ಲಿ ಪಡೆಯಬೇಕು. ಸಾಧ್ಯವಾದಷ್ಟು ಮಟ್ಟಿಗೆ ಸಬ್ ಇನ್‌ಸ್ಪೆಕ್ಟರ್‌ಗಿಂತ ಕೆಳಗಿನ ದರ್ಜೆಯವರಲ್ಲದ ಮಹಿಳಾ ಅಧಿಕಾರಿಯೇ ಬರಬೇಕು, ಸಮವಸ್ತ್ರದಲ್ಲಿರಬಾರದು. ಅಪ್ಪ, ಅಮ್ಮ ಅಥವಾ ಮಗು ನಂಬುವವರು ಪಕ್ಕದಲ್ಲಿರಬಹುದು. ರಾತ್ರಿ ಠಾಣೆಯಲ್ಲಿ ಕೂರಿಸುವಂತಿಲ್ಲ. 24 ಗಂಟೆಯೊಳಗೆ ಪೊಲೀಸರು ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ತಿಳಿಸಬೇಕು.

ಫೋನ್ ಜಪ್ತಿಯಾಗುತ್ತದೆ ಎಂದೇ ಲೆಕ್ಕ ಹಾಕಿ. ಮಹಜರಿನ (ಜಪ್ತಿ ಮಾಡಿದ್ದರ ಲಿಖಿತ ದಾಖಲೆ) ಪ್ರತಿ ಪಡೆಯಿರಿ, ಬ್ಯಾಂಕ್ ಒಟಿಪಿ ಬರುವ ಸಿಮ್ ಅದರಲ್ಲಿದ್ದರೆ ಆಗಲೇ ತನಿಖಾಧಿಕಾರಿಗೆ ಹೇಳಿ. ದೂರನ್ನೇ ತೆಗೆದುಕೊಳ್ಳದಿದ್ದರೆ ಅದನ್ನು ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಿ. ಅಂಚೆ ರಸೀದಿ ಜೋಪಾನವಾಗಿರಲಿ.