ಅಕ್ಕಿ ಚೀಲ ಮಲಗಿಸಿ ಆರಿಸಿದ ಪ್ರಾಮ್: ನನ್ನ ಅನುಭವ

ಮೂರು ಪ್ರಾಮ್ (ಮಗುವಿನ ತಳ್ಳುಗಾಡಿ) ಕೊಂಡು, ಅವುಗಳಲ್ಲಿ ಎರಡನ್ನು ಕೈಬಿಟ್ಟು, ಉಳಿದ ಮೂರನೆಯದರಲ್ಲಿ ನಮ್ಮ ಮಗಳನ್ನು ಆರು ತಿಂಗಳು ತುಂಬುವವರೆಗೂ ದಿನಕ್ಕೆ ಸುಮಾರು ಒಂದು ಗಂಟೆ ಬಸವನಗುಡಿಯ ಬೀದಿಗಳಲ್ಲಿ ಸುತ್ತಾಡಿಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಮಗುವಿನ ಬದಲು ಅಕ್ಕಿ ಚೀಲವನ್ನು ಮಲಗಿಸಿ ನಾನು ಗಾಡಿ ತಳ್ಳುವುದನ್ನು ಕಂಡ ಪಕ್ಕದ ಮನೆಯ ಹಿರಿಯರು, "ಇದೆಲ್ಲ ಯಾಕಪ್ಪಾ, ಅಂಗಡಿಯವರು ತೋರಿಸಿದ್ದನ್ನ ತಗೊಂಡ್ರೆ ಆಗೋದಿಲ್ವಾ?" ಎಂದು ಕೇಳಿದ್ದರು. ಕಳೆದ ತಿಂಗಳು ಅವರೇ ತಮ್ಮ ಮಗ ಸೊಸೆಯನ್ನು ನಮ್ಮ ಗಾಡಿ ನೋಡಿಕೊಂಡು ಬನ್ನಿ ಎಂದು ಕಳುಹಿಸಿದರು.

ಮೊದಲನೆಯದು ಕೊಡೆಯಂತೆ ಮಡಚುವ ಹಗುರವಾದ ಗಾಡಿ, ಸುಮಾರು 4,500 ರೂಪಾಯಿ. ಮಗಳಿಗೆ ಆಗ ಮೂರು ವಾರ. ಹಾಲ್‌ನಲ್ಲಿಯೇ ಅದರಲ್ಲಿ ಮಲಗಿಸಿ ಬೆಲ್ಟ್ ಹಾಕಿ ಎರಡು ನಿಮಿಷ ಕಳೆಯುವಷ್ಟರಲ್ಲಿ ಅವಳ ಸೊಂಟ ಮೆಲ್ಲನೆ ಕೆಳಕ್ಕೆ ಜಾರಿತು, ತಲೆ ಮುಂದಕ್ಕೆ ವಾಲಿತು, ಗಲ್ಲ ಎದೆಗೆ ತಾಗಿತು, ಉಸಿರಿನ ಸದ್ದು ಬದಲಾಯಿತು. ಅದನ್ನು ಮೊದಲು ಗಮನಿಸಿದವರು ನಮ್ಮ ಅತ್ತೆಯವರು. ತಕ್ಷಣವೇ ಮಗುವನ್ನು ಎತ್ತಿಕೊಂಡರು. ಕತ್ತು ನಿಲ್ಲದ ಮಗುವನ್ನು ಒರಗಿಸಿ ಕೂರಿಸುವ ಗಾಡಿ, ಎರಡು ಭುಜ, ಸೊಂಟದ ಎರಡು ಬದಿ, ಕಾಲುಗಳ ನಡುವೆ ಹಿಡಿಯುವ ಐದು ಪಾಯಿಂಟ್ ಬೆಲ್ಟ್ ಎಷ್ಟೇ ಒಳ್ಳೆಯದಿದ್ದರೂ, ಮೊದಲ ತಿಂಗಳುಗಳಿಗೆ ಹೊಂದುವುದಿಲ್ಲವೆಂದು ನಾನು ಓದಿ ತಿಳಿದಿದ್ದೆ. ಆದರೂ ಅಂಗಡಿಯಲ್ಲಿ "ಹುಟ್ಟಿದಾಗಿನಿಂದ" ಎಂದು ಬರೆದಿದ್ದ ಚೀಟಿಯನ್ನು ನಂಬಿದ್ದೆ. ಅದನ್ನು 1,200 ರೂಪಾಯಿಗೆ ಮಾರಿದೆ.

ಎರಡನೆಯದನ್ನು ಆನ್‌ಲೈನ್‌ನಲ್ಲಿ ಸುಮಾರು 9,000 ಕೊಟ್ಟು ತರಿಸಿದೆ. ಪೂರ್ತಿ ಮಲಗುತ್ತದೆ ಎಂಬ ಮಾತು ಜಾಹೀರಾತಿನಲ್ಲಿತ್ತು. ಮೊಬೈಲ್‌ನ ಮಟ್ಟ ಅಳೆಯುವ ಆ್ಯಪ್ ತೆರೆದು ಗಾಡಿಯ ಹಾಸಿಗೆಯ ಮೇಲೆ ಇಟ್ಟಾಗ ಇಳಿಜಾರು 20 ಡಿಗ್ರಿಗಿಂತ ಹೆಚ್ಚು ಬಂತು. ಶಿಶುಗಳನ್ನು ಮಲಗಿಸುವ ಸಾಧನಗಳ ಇಳಿಜಾರು 10 ಡಿಗ್ರಿ ಮೀರಬಾರದೆಂಬ ನಿಯಮ ಅಮೆರಿಕದಲ್ಲಿ 2022ರಿಂದ ಜಾರಿಯಲ್ಲಿದೆ. ಅದು ಪ್ರಾಮ್‌ಗಳಿಗಾಗಿ ಮಾಡಿದ ನಿಯಮವಲ್ಲವಾದರೂ ನಾನು ಆ ಅಂಕಿಯನ್ನೇ ನನ್ನ ಗಡಿಯಾಗಿ ಇಟ್ಟುಕೊಂಡೆ. ಇದಕ್ಕಿಂತ ದೊಡ್ಡ ತೊಂದರೆ ಚಕ್ರಗಳದು. ನಮ್ಮ ಬೀದಿಯಲ್ಲಿ ಫುಟ್‌ಪಾತ್ ಎಂದರೆ ಚರಂಡಿಯ ಮೇಲೆ ಹಾಸಿದ ಕಲ್ಲು ಚಪ್ಪಡಿಗಳು. ಒಂದು ಮೇಲೆದ್ದಿದ್ದರೆ ಇನ್ನೊಂದು ತಗ್ಗಿರುತ್ತದೆ, ನಡುವೆ ಎರಡು ಬೆರಳು ಹೋಗುವಷ್ಟು ಸಂದು ಇರುತ್ತದೆ. ಅಂಗೈ ಅಗಲದ ಮುಂದಿನ ಚಕ್ರ ಆ ಸಂದಿಗೆ ಸಿಕ್ಕಿಕೊಂಡ ಕೂಡಲೇ ಗಾಡಿ ಮೂಗು ಮುಗ್ಗರಿಸಿತು. ಒಳಗೆ ಮಗು ಇರಲಿಲ್ಲ, ಅಕ್ಕಿ ಇತ್ತು. ಗಾಡಿಯನ್ನು ಹಿಂತಿರುಗಿಸಿದೆ; ಸಾಗಣೆಗೆಂದು 700 ರೂಪಾಯಿಯಷ್ಟು ಕೈಬಿಟ್ಟಿತು.

ನಲವತ್ತು ದಿನ ಕಳೆಯುವವರೆಗೆ ಮಗುವನ್ನು ಹೊಸ್ತಿಲು ದಾಟಿಸಬಾರದೆಂದು ಅತ್ತೆಯವರು ಹೇಳಿದ್ದರಿಂದ ನನಗೆ ಪರೀಕ್ಷೆಗಳಿಗೆ ಸಾಕಷ್ಟು ಸಮಯ ಸಿಕ್ಕಿತ್ತು. ನನ್ನ ವಿಧಾನ ಇಷ್ಟೇ. ಮಗುವಿನ ಆಗಿನ ತೂಕದಷ್ಟು, ಅಂದರೆ ನಾಲ್ಕು ಕಿಲೋದಷ್ಟು ಅಕ್ಕಿಯನ್ನು ಉದ್ದನೆಯ ಬಟ್ಟೆ ಚೀಲದಲ್ಲಿ ಸಡಿಲವಾಗಿ ತುಂಬಿ, ಹಳೆಯ ಪಂಚೆಯಲ್ಲಿ ಸುತ್ತಿ ಗಾಡಿಯಲ್ಲಿ ಮಲಗಿಸುವುದು. ಅದರ ಪಕ್ಕದಲ್ಲಿ 200 ಮಿಲಿ ನೀರು ತುಂಬಿದ ಸ್ಟೀಲ್ ಲೋಟವನ್ನು ಕಟ್ಟುವುದು. ಚಪ್ಪಡಿಗಳ ಮೇಲೆ ನೂರು ಹೆಜ್ಜೆ ತಳ್ಳಿ, ಲೋಟದಲ್ಲಿ ಉಳಿದ ನೀರನ್ನು ಹಾಲಿನ ಬಾಟಲಿಗೆ ಸುರಿದು ಗೆರೆ ನೋಡುವುದು. ಮೊದಲ ಗಾಡಿಯಲ್ಲಿ ಹತ್ತಿರಹತ್ತಿರ ಅರ್ಧ ನೀರು ಚೆಲ್ಲಿತ್ತು, ಎರಡನೆಯದರಲ್ಲಿ ಮೂರನೆಯ ಒಂದು ಪಾಲು. ಚೀಲ ಸಡಿಲವಾಗಿಯೇ ಇರಬೇಕು, ಏಕೆಂದರೆ ಗಾಡಿ ಇಳಿಜಾರಾಗಿದ್ದರೆ ಅಕ್ಕಿ ಒಂದು ಕಡೆ ಶೇಖರವಾಗುತ್ತದೆ, ಮಗುವಿನ ಮೈ ಹೇಗೆ ಜಾರುತ್ತದೆ ಎಂಬುದು ಅದರಿಂದಲೇ ತಿಳಿಯುತ್ತದೆ. ಇದೇ ಚೀಲವನ್ನು ಹಿಡಿದುಕೊಂಡು ಐದಾರು ಅಂಗಡಿಗಳಿಗೆ ಹೋದೆ. ಎರಡು ಕಡೆ ಮಾತ್ರ ಗಾಡಿಯನ್ನು ಬೀದಿಗೆ ಇಳಿಸಲು ಒಪ್ಪಿದರು.

ಕೊನೆಗೆ ಸಿಕ್ಕಿದ್ದು ಹಳೆಯ ಗಾಡಿ. ವಿದೇಶದಿಂದ ಮರಳಿದ ಜಯನಗರದ ಒಂದು ಕುಟುಂಬದವರು ಮಾರಾಟಕ್ಕಿಟ್ಟಿದ್ದರು. ತಳ್ಳುವವರ ಮುಖ ನೋಡಿಕೊಂಡು ಮಗು ಮಲಗುವ, ತೊಟ್ಟಿಲಿನಂಥ ಕ್ಯಾರಿಕಾಟ್, ಹಿಂದೆ ಹನ್ನೆರಡು ಇಂಚಿನ ಗಾಳಿ ಟಯರ್, ಚೌಕಟ್ಟಿನ ಮೇಲೆ ಮಕ್ಕಳ ಗಾಡಿಗಳ ಸುರಕ್ಷತೆಗೆ ಯುರೋಪಿನಲ್ಲಿರುವ ಇಎನ್ 1888 ಮಾನದಂಡದ ಚೀಟಿ. ಹೊಸದಾದರೆ 40,000 ದಾಟುತ್ತಿತ್ತು; ಅವರು ಕೇಳಿದ್ದು 18,000, ನಾನು ತಂದದ್ದು 14,000ಕ್ಕೆ. ಚೌಕಾಸಿ ಮಾಡಿದ ಬಗೆಯನ್ನು ಇಲ್ಲಿ ಬರೆಯುವುದಿಲ್ಲ, ತಮ್ಮನಿಗೂ ಒಂದು ಗಾಡಿ ಕೊಳ್ಳಬೇಕಾಗಿದೆ. ಹಾಸಿಗೆಯ ಮೇಲೆ ಮೊಬೈಲ್ ಇಟ್ಟಾಗ ಎರಡು ಡಿಗ್ರಿಯೂ ಬರಲಿಲ್ಲ. ಅವರ ಮನೆಯ ಮುಂದಿನ ಚಪ್ಪಡಿಗಳ ಮೇಲೆ ನೂರು ಹೆಜ್ಜೆ ತಳ್ಳಿದಾಗ ಲೋಟದಿಂದ ಚೆಲ್ಲಿದ್ದು ಹತ್ತು ಹದಿನೈದು ಮಿಲಿ ಮಾತ್ರ.

ಅದನ್ನು ಸರಿಪಡಿಸಲು ಹಿಡಿದ ದಿನಗಳೇ ಹೆಚ್ಚು. ಹಿಂದಿನ ಎರಡು ಟ್ಯೂಬ್‌ಗಳೂ ಒಣಗಿ ಸೀಳಿದ್ದವು. ಹನ್ನೆರಡು ಇಂಚು ಮಕ್ಕಳ ಸೈಕಲ್ಲಿನ ಅಳತೆಯೇ ಆದ್ದರಿಂದ ಸೈಕಲ್ ಅಂಗಡಿಯಲ್ಲಿ ಜೋಡಿಗೆ ಸುಮಾರು 300 ಕೊಟ್ಟು ಹಾಕಿಸಿದೆ. ಮನೆಗೆ ಬಂದ ಮೇಲೆ ಪಂಪಿನ ಬಾಯಿ ವಾಲ್ವ್‌ನ ಮೇಲೆ ಕೂರಲೇ ಇಲ್ಲ: ಚಕ್ರದ ನಡುವಿನ ಪ್ಲಾಸ್ಟಿಕ್ ಕಡ್ಡಿಗಳು ಅಡ್ಡ ಬರುತ್ತಿದ್ದವು, ವಾಲ್ವ್ ನೇರವಾಗಿತ್ತು. ಬಾಗಿದ ವಾಲ್ವ್ ಇರುವ ಟ್ಯೂಬ್ ಬೇಕೆಂದು ನಾಲ್ಕು ಅಂಗಡಿ ಅಲೆದ ಮೇಲೆ ಒಬ್ಬ ಮೆಕ್ಯಾನಿಕ್, "ಸಾರ್, ಟ್ಯೂಬ್ ಬದಲಾಯಿಸ್ಬೇಡಿ, ಇದನ್ನ ಹಾಕ್ಕೊಳ್ಳಿ" ಎಂದು ಹಿತ್ತಾಳೆಯ ಬಾಗಿದ ತುಣುಕೊಂದನ್ನು ಕೊಟ್ಟರು. 80 ರೂಪಾಯಿಗೆ ಕೆಲಸ ಮುಗಿಯಿತು. ಗಾಳಿಯನ್ನು ಟಯರಿನ ಮೇಲೆ ಬರೆದದ್ದಕ್ಕಿಂತ ಸ್ವಲ್ಪ ಕಡಿಮೆಯೇ ತುಂಬಿಸುತ್ತೇನೆ. ಹೆಬ್ಬೆರಳಿನಿಂದ ಒತ್ತಿದರೆ ತುಸು ಒಳಗೆ ಹೋಗಬೇಕು. ಮುಂದಿನ ಚಕ್ರ ನಡುಗುವುದನ್ನು ನಿಲ್ಲಿಸಿದ ಉಪಾಯವನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ; ಅದನ್ನು ಇನ್ನೊಂದು ಮಳೆಗಾಲ ಪರೀಕ್ಷಿಸಬೇಕು.

ಬ್ರೇಕಿನ ಪರೀಕ್ಷೆಯನ್ನು ನೆಲಮಾಳಿಗೆಗೆ ಇಳಿಯುವ ಇಳಿಜಾರಿನಲ್ಲಿ ಮಾಡಿದೆ. ಅಕ್ಕಿಯ ಜೊತೆಗೆ ಐದು ಕಿಲೋ ಹಿಟ್ಟಿನ ಪೊಟ್ಟಣ ಇಟ್ಟು, ಬ್ರೇಕ್ ಹಾಕಿ, ಕೈಬಿಟ್ಟು ಹತ್ತು ನಿಮಿಷ ಪಕ್ಕದಲ್ಲೇ ನಿಂತೆ. ಬಲ ಚಕ್ರದ ಪಿನ್ ಹಲ್ಲಿನೊಳಗೆ ಪೂರ್ತಿ ಕೂರುತ್ತಿರಲಿಲ್ಲ, ಗಾಡಿ ಒಂದು ಗೇಣು ಅಡ್ಡಕ್ಕೆ ತಿರುಗಿತು. ಕೇಬಲ್ ಬಿಗಿಗೊಳಿಸಲು 250 ರೂಪಾಯಿ ಆಯಿತು. ಆ ಮೇಲೆ ಹಿಡಿಗೆ ತರಕಾರಿ ಚೀಲ ತೂಗುಹಾಕಿ ನೋಡಿದೆ: ಮೂರು ಕಿಲೋ ಆಗುತ್ತಿದ್ದಂತೆ ಮುಂದಿನ ಚಕ್ರಗಳು ಹಗುರವಾದವು, ಇನ್ನೊಂದಿಷ್ಟು ಸೇರಿಸಿದರೆ ಗಾಡಿ ಹಿಂದಕ್ಕೆ ಬೀಳುತ್ತಿತ್ತು. ಅಂದಿನಿಂದ ಗಾಂಧಿ ಬಜಾರಿನ ಸೊಪ್ಪು, ಹೂವು ಎಲ್ಲವೂ ಕೆಳಗಿನ ಬುಟ್ಟಿಯಲ್ಲಿಯೇ ಬರುತ್ತವೆ.

ಬಿಸಿಲಿನ ವಿಷಯದಲ್ಲಿ ಮನೆಯಲ್ಲಿ ವಾದವೇ ನಡೆಯಿತು. ತೆಳುವಾದ ಬಿಳಿ ಬಟ್ಟೆಯನ್ನು ಗಾಡಿಯ ಮೇಲೆ ಹೊದಿಸಿದರೆ ತಂಪಾಗಿರುತ್ತದೆಂದು ಎಲ್ಲರೂ ಹೇಳುತ್ತಿದ್ದರು. 250 ರೂಪಾಯಿಯ ಡಿಜಿಟಲ್ ಥರ್ಮಾಮೀಟರ್ ಒಂದನ್ನು ಅಕ್ಕಿ ಚೀಲದ ಪಕ್ಕದಲ್ಲಿಟ್ಟು, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ತಾರಸಿಯಲ್ಲಿ ನಿಲ್ಲಿಸಿದೆ. ಬಟ್ಟೆ ಇಲ್ಲದೆ, ಗಾಡಿಯ ಮೇಲ್ಛಾವಣಿ ಮಾತ್ರ ಎಳೆದಾಗ 29 ಡಿಗ್ರಿಯ ಆಸುಪಾಸಿನಲ್ಲಿದ್ದದ್ದು, ಬಟ್ಟೆ ಹೊದಿಸಿದ ಇಪ್ಪತ್ತು ನಿಮಿಷಕ್ಕೆ 35ರ ಹತ್ತಿರ ಹೋಯಿತು. ಗಾಳಿ ಆಡದಿರುವುದೇ ಕಾರಣ. ಬಟ್ಟೆಯನ್ನು ಒದ್ದೆ ಮಾಡಿ ನೋಡಿದೆ, ಒಳಗೆ ಉಸಿರು ಕಟ್ಟುವಂಥ ಹಬೆ ತುಂಬಿತು. ಸೊಳ್ಳೆ ಪರದೆಯಲ್ಲಿ ಒಂದು ಡಿಗ್ರಿಯಷ್ಟು ಮಾತ್ರ ಏರಿತು. ಆ ಅಂಕಿಗಳನ್ನು ನೋಡಿದ ಮೇಲೆ ಅತ್ತೆಯವರೇ ಬಟ್ಟೆಯನ್ನು ತೆಗೆದಿಟ್ಟರು, ಈಗ ಯಾರಾದರೂ ಹೊದಿಸಲು ಬಂದರೆ ಅವರೇ ತಡೆಯುತ್ತಾರೆ.

ಎತ್ತರವನ್ನು ಅಳೆಯಬೇಕೆಂದು ನನಗೆ ಹೊಳೆದದ್ದು ತಡವಾಗಿ. ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ, ರಸ್ತೆಯ ಮಟ್ಟದಿಂದ ಒಂದು ಮೀಟರ್ ಎತ್ತರದೊಳಗೆ ಉಸಿರಾಡುವ ಗಾಡಿಯ ಮಕ್ಕಳಿಗೆ ದೊಡ್ಡವರಿಗಿಂತ ಶೇ. 60ರವರೆಗೆ ಹೆಚ್ಚು ಹೊಗೆಯ ಮಾಲಿನ್ಯ ತಾಗಬಹುದೆಂದು ಎಚ್ಚರಿಸಿದ್ದರು. ನಮ್ಮ ಮೊದಲ ಗಾಡಿಯ ಆಸನ ನೆಲದಿಂದ ಮೊಣಕಾಲಿನಷ್ಟೂ ಎತ್ತರವಿರಲಿಲ್ಲ, ಆಟೋದ ಹೊಗೆ ಕೊಳವೆಗೆ ನೇರವಾಗಿತ್ತು. ಈ ಕ್ಯಾರಿಕಾಟ್‌ನ ಹಾಸಿಗೆ ಸುಮಾರು 65 ಸೆಂಟಿಮೀಟರ್ ಎತ್ತರದಲ್ಲಿದೆ. ಅಷ್ಟರಿಂದಲೇ ಹೊಗೆ ತಪ್ಪುವುದಿಲ್ಲವೆಂದು ಬೆಳಿಗ್ಗೆ ಆರೂವರೆಗೆ ಹೊರಟು, ಮುಖ್ಯರಸ್ತೆ ಬಿಟ್ಟು ಒಳಬೀದಿಗಳಿಂದ ಕೃಷ್ಣರಾವ್ ಉದ್ಯಾನಕ್ಕೆ ಹೋಗಿ, ಎಂಟರೊಳಗೆ ಮನೆ ಸೇರುತ್ತಿದ್ದೆವು.

ಮಗು ಗಾಡಿಯಲ್ಲಿ ನಿದ್ದೆ ಹೋದರೆ ಮನೆಗೆ ಬಂದ ಕೂಡಲೇ ಎತ್ತಿ ಹಾಸಿಗೆಯ ಮೇಲೆ ಮಲಗಿಸುತ್ತಿದ್ದೆವು. ಗಾಡಿಯನ್ನು ದಿನನಿತ್ಯದ ಮಲಗುವ ಜಾಗವಾಗಿ ಬಳಸಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ ಹೇಳುತ್ತದೆ. ಮೆತ್ತಗಿರಲೆಂದು ಬಂಧುಗಳು ತಂದುಕೊಟ್ಟ ಹತ್ತಿಯ ದಿಂಬು, ತಲೆಯ ಸುತ್ತಲಿನ ಉಂಗುರ ದಿಂಬು ಎರಡನ್ನೂ ನಾನು ಕ್ಯಾರಿಕಾಟ್‌ನೊಳಗೆ ಇಡಲು ಬಿಡಲಿಲ್ಲ. ಬೇಸರವಾದದ್ದು ಅವರ ಮುಖದಲ್ಲಿ ಕಂಡಿತು, ಆದರೂ ಬಿಡಲಿಲ್ಲ.

ಒಟ್ಟು ಲೆಕ್ಕ ನೆನಪಿನಿಂದ ಹೇಳುವುದಾದರೆ, ಮೂರನೆಯ ಗಾಡಿಗೆ ರಿಪೇರಿ ಸೇರಿ 15,000ಕ್ಕೆ ತುಸು ಕಡಿಮೆ, ಮೊದಲೆರಡರಲ್ಲಿ ಹೋದದ್ದು ನಾಲ್ಕು ಸಾವಿರ. ಐದೂವರೆ ತಿಂಗಳಿಗೆ ಮಗಳು ಮಗುಚಿ ಅಂಚು ಹಿಡಿದು ಏಳಲು ನೋಡಿದ ದಿನವೇ ಕ್ಯಾರಿಕಾಟ್ ಬಳಸುವುದನ್ನು ನಿಲ್ಲಿಸಿದೆ. ಕತ್ತು ಆಗ ಗಟ್ಟಿಯಾಗಿ ನಿಂತಿತ್ತು, ಅದೇ ಚೌಕಟ್ಟಿಗೆ ಕೂರುವ ಆಸನ ಹಾಕಿ, ಐದು ಪಾಯಿಂಟ್ ಬೆಲ್ಟ್ ಬಿಗಿದು, ಈಗ ಮುಂದಕ್ಕೆ ನೋಡುತ್ತಾ ಹೊರಡುತ್ತಾಳೆ. ಕ್ಯಾರಿಕಾಟ್ ಅನ್ನು ಒಗೆದು ಒಣಗಿಸಿ ಪಕ್ಕದ ಮನೆಯವರಿಗೆ ಕೊಟ್ಟಿದ್ದೇನೆ, ಅವರ ಸೊಸೆಗೆ ಮುಂದಿನ ತಿಂಗಳು ಹೆರಿಗೆ. ಅವರು ನೋಡಿಟ್ಟಿರುವ ಹಳೆಯ ಚೌಕಟ್ಟು ಇದೇ ಕಂಪನಿಯದು, ಕ್ಯಾರಿಕಾಟ್ ಅದರ ಕೊಂಡಿಗೆ ಸದ್ದು ಮಾಡಿ ಕೂರುತ್ತದೆಯೇ ಎಂದು ಭಾನುವಾರ ಅಕ್ಕಿ ಚೀಲ ತೆಗೆದುಕೊಂಡು ಹೋಗಿ ನೋಡಬೇಕು.